ಮಿದುಳಿನಲ್ಲಿ ಎಚ್‌ಐವಿ: ನಾಲ್ಕು ದಶಕಗಳ ಹುಡುಕಾಟ

ಎಚ್‌ಐವಿ ಸೋಂಕಿತರಲ್ಲಿ ಮರೆವು, ಮಂಕು, ನಡಿಗೆಯ ತೊಡಕು ಕಾಣಿಸಿಕೊಳ್ಳುವುದನ್ನು ವೈದ್ಯರು ಏಡ್ಸ್‌ನ ಮೊದಲ ವರ್ಷಗಳಲ್ಲೇ ಗಮನಿಸಿದ್ದರು. ಅದಕ್ಕೆ ವೈರಸ್ಸೇ ನೇರ ಕಾರಣ ಎಂಬುದು ಖಚಿತವಾಗಲು ಐದಾರು ವರ್ಷ ಹಿಡಿಯಿತು. ಆ ತೊಂದರೆ ಎಷ್ಟು ಜನರಲ್ಲಿದೆ, ಎಷ್ಟರ ಮಟ್ಟಿಗಿದೆ ಎಂಬ ಲೆಕ್ಕದ ಬಗ್ಗೆ ಮಾತ್ರ ಇಂದಿಗೂ ವಾದ ನಿಂತಿಲ್ಲ. ಈ ನಾಲ್ಕು ದಶಕಗಳಲ್ಲಿ ಉತ್ತರ ಹಲವು ಸಲ ಬದಲಾಗಿದೆ. ಯಾವ ಊರಿನ, ಯಾವ ಹಂತದ ರೋಗಿಗಳನ್ನು, ಯಾವ ಅಳತೆಗೋಲಿನಿಂದ ನೋಡಲಾಯಿತು ಎಂಬುದರ ಮೇಲೆ ಆ ಉತ್ತರ ನಿಂತಿತ್ತು. ಬೆಂಗಳೂರಿನ ಪ್ರಯೋಗಾಲಯಗಳಿಗೂ ಈ ಚರಿತ್ರೆಯಲ್ಲಿ ಸಣ್ಣದಲ್ಲದ ಪಾಲಿದೆ.

1981ರ ಜೂನ್ 5ರಂದು ಅಮೆರಿಕದ ಸರ್ಕಾರಿ ವಾರಪತ್ರಿಕೆಯೊಂದು ಲಾಸ್ ಏಂಜಲಿಸ್‌ನ ಐವರು ಯುವಕರಲ್ಲಿ ಕಂಡ ಅಪರೂಪದ ನ್ಯುಮೋನಿಯಾವನ್ನು ವರದಿ ಮಾಡಿತು. ಆಗ ಎಲ್ಲರ ಗಮನ ಇದ್ದದ್ದು ಶ್ವಾಸಕೋಶದ ಮೇಲೆ, ಚರ್ಮದ ಕ್ಯಾನ್ಸರಿನ ಮೇಲೆ, ರೋಗನಿರೋಧಕ ಶಕ್ತಿಯ ಕುಸಿತದ ಮೇಲೆ. ಎರಡೇ ವರ್ಷದಲ್ಲಿ, 1983ರಲ್ಲಿ, ನ್ಯೂಯಾರ್ಕ್‌ನ ನರರೋಗ ತಜ್ಞರು ನರಮಂಡಲದ ತೊಂದರೆಗಳಿದ್ದ 50 ಏಡ್ಸ್ ರೋಗಿಗಳ ವಿವರ ಪ್ರಕಟಿಸಿದರು. ಶಿಲೀಂಧ್ರದಿಂದ ಬಂದ ಮಿದುಳು ಜ್ವರ, ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯಿಂದಾದ ಗಡ್ಡೆ, ಲಿಂಫೋಮಾ ಎಂಬ ಕ್ಯಾನ್ಸರ್, ಹೀಗೆ ಕಾರಣ ಗುರುತಿಸಬಹುದಾದ ಕಾಯಿಲೆಗಳು ಅದರಲ್ಲಿದ್ದವು. ಆದರೆ ಒಂದು ಗುಂಪಿನ ರೋಗಿಗಳು ಯಾವ ಸೋಂಕಿನ ಗುರುತೂ ಸಿಗದೆ ದಿನೇ ದಿನೇ ಮಂಕಾಗುತ್ತ ಹೋಗಿದ್ದರು. ಸೈಟೊಮೆಗಾಲೊ ಎಂಬ ಇನ್ನೊಂದು ವೈರಸ್ಸಿನ ಕೆಲಸ ಇದಿರಬಹುದೆಂದು ಆಗ ಊಹಿಸಲಾಯಿತು. ಏಡ್ಸ್‌ಗೆ ಕಾರಣವಾದ ವೈರಸ್ ಯಾವುದೆಂದೇ ಜಗತ್ತು ಇನ್ನೂ ತಡಕಾಡುತ್ತಿದ್ದ ಸಮಯವದು. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾಂಸ್ವಾಸ್ ಬಾರೆ-ಸಿನುಸಿ ಮತ್ತು ಲೂಕ್ ಮೊಂಟಾನಿಯೇ ಅವರ ತಂಡ ಅದನ್ನು ಪ್ರತ್ಯೇಕಿಸಿದ್ದು ಅದೇ 1983ರಲ್ಲಿ.

ವೈರಸ್ ಸಿಕ್ಕ ಮೇಲೆ ಅದನ್ನು ಮಿದುಳಿನಲ್ಲಿ ಹುಡುಕುವುದು ಸಾಧ್ಯವಾಯಿತು. 1985ರಲ್ಲಿ ಒಂದರ ಹಿಂದೊಂದು ವರದಿಗಳು ಬಂದವು. ಮಿದುಳು ಕೆಟ್ಟು ತೀರಿಕೊಂಡ ಮಕ್ಕಳು ಮತ್ತು ದೊಡ್ಡವರ ಮಿದುಳಿನಲ್ಲಿ ವೈರಸ್ಸಿನ ವಂಶವಸ್ತು ಸಿಕ್ಕಿತು. ಜನ ‘ಬೆನ್ನಿನ ನೀರು’ ಎನ್ನುವ, ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಜೀವಂತ ವೈರಸ್ಸೇ ಸಿಕ್ಕಿತು.

1986ರಲ್ಲಿ ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್-ಕೆಟರಿಂಗ್ ಆಸ್ಪತ್ರೆಯ ಬ್ರ್ಯಾಡ್‌ಫರ್ಡ್ ನಾವಿಯಾ, ಬ್ಯಾರಿ ಜೋರ್ಡನ್ ಮತ್ತು ರಿಚರ್ಡ್ ಪ್ರೈಸ್ ಬರೆದ ಲೇಖನ ಈ ಕಾಯಿಲೆಗೆ ಮೊದಲ ಸಲ ಸ್ಪಷ್ಟ ರೂಪ ಕೊಟ್ಟಿತು. ಮರಣೋತ್ತರ ಪರೀಕ್ಷೆ ನಡೆದ 70 ಏಡ್ಸ್ ರೋಗಿಗಳ ಆಸ್ಪತ್ರೆ ದಾಖಲೆಗಳನ್ನು ಅವರು ಹಿಂದಿರುಗಿ ಓದಿದ್ದರು. ಅವರಲ್ಲಿ 46 ಮಂದಿಗೆ ಬದುಕಿದ್ದಾಗಲೇ ಬುದ್ಧಿಶಕ್ತಿ ಹಂತಹಂತವಾಗಿ ಕುಂದಿತ್ತು. ಮೊದಮೊದಲು ಅದು ಕಣ್ಣಿಗೆ ಬೀಳುವಂಥದ್ದಲ್ಲ. ರೋಗಿಗೆ ಮರೆವು ಹೆಚ್ಚುತ್ತದೆ, ಗಮನ ನಿಲ್ಲುವುದಿಲ್ಲ, ಯೋಚನೆ ನಿಧಾನವಾಗುತ್ತದೆ. ಕಾಲುಗಳಲ್ಲಿ ಬಲ ಕಡಿಮೆಯಾಗಿ ನಡೆಯುವಾಗ ಸಮತೋಲ ತಪ್ಪುತ್ತದೆ, ಕೈಬರಹ ಕೆಡುತ್ತದೆ. ಯಾವುದರಲ್ಲೂ ಆಸಕ್ತಿಯಿಲ್ಲದೆ, ಯಾರೊಂದಿಗೂ ಬೆರೆಯದೆ ಒಂದು ಮೂಲೆ ಹಿಡಿಯುತ್ತಾರೆ. ಇದನ್ನು ಖಿನ್ನತೆ ಎಂದುಕೊಳ್ಳುವುದು ಸಹಜವಾಗಿತ್ತು, ಏಕೆಂದರೆ ಆ ಕಾಲದಲ್ಲಿ ಏಡ್ಸ್ ಎಂದು ತಿಳಿದ ವ್ಯಕ್ತಿ ಖಿನ್ನನಾಗದಿರುವುದೇ ಅಪರೂಪ. ಆದರೆ ಕೆಲವೇ ತಿಂಗಳಲ್ಲಿ ಹಲವರು ಮಾತು ನಿಂತು, ಹಾಸಿಗೆ ಹಿಡಿದು, ಮಲಮೂತ್ರದ ಅರಿವೂ ಇಲ್ಲದ ಸ್ಥಿತಿಗೆ ಬರುತ್ತಿದ್ದರು. ಬುದ್ಧಿ, ಚಲನೆ, ನಡವಳಿಕೆ ಮೂರೂ ಒಟ್ಟಿಗೆ ಕೆಡುವ ಈ ಸ್ಥಿತಿಗೆ ಅವರು ‘ಏಡ್ಸ್ ಡಿಮೆನ್ಷಿಯಾ ಕಾಂಪ್ಲೆಕ್ಸ್’ ಎಂದು ಹೆಸರಿಟ್ಟರು. ಮರುವರ್ಷ ಅಮೆರಿಕ ಏಡ್ಸ್‌ನ ಅಧಿಕೃತ ವ್ಯಾಖ್ಯೆಯಲ್ಲೇ ಇದನ್ನು ಸೇರಿಸಿಕೊಂಡಿತು.

ಅದೇ ತಂಡದ ಎರಡನೆಯ ಲೇಖನ ಮಿದುಳಿನ ಒಳಗನ್ನು ತೋರಿಸಿತು. ಆಲ್ಜೈಮರ್ ಕಾಯಿಲೆಯಲ್ಲಿ ಮೊದಲು ಸವೆಯುವುದು ನೆನಪು ಮತ್ತು ಭಾಷೆಯನ್ನು ಹೊತ್ತಿರುವ ಹೊರಪದರದ ಭಾಗಗಳು. ಇಲ್ಲಿ ಹೊರಪದರಕ್ಕೆ ಪೆಟ್ಟು ಕಡಿಮೆ. ಹಾಳಾಗಿದ್ದದ್ದು ಅದರ ಕೆಳಗಿನ ಬಿಳಿ ದ್ರವ್ಯ ಮತ್ತು ಚಲನೆಯನ್ನು ಹದಗೊಳಿಸುವ ಆಳದ ನರಗಂಟುಗಳು. ರೋಗಿಗೆ ಪದಗಳು ಮರೆತುಹೋಗುವುದಕ್ಕಿಂತ ಹೆಚ್ಚಾಗಿ ಅವು ಬರುವುದು ತಡವಾಗುವುದು ಏಕೆಂದು ಇದರಿಂದ ಅರ್ಥವಾಯಿತು. ಸೂಕ್ಷ್ಮದರ್ಶಕದಡಿ ಇಟ್ಟ ಮಿದುಳಿನ ತೆಳು ಪದರಗಳಲ್ಲಿ, ಸಣ್ಣ ರಕ್ತನಾಳಗಳ ಆಸುಪಾಸಿನಲ್ಲಿ, ಒಂದೇ ಕೋಶದೊಳಗೆ ಹಲವು ಕೋಶಕೇಂದ್ರಗಳು ಒತ್ತೊತ್ತಾಗಿ ಸೇರಿಕೊಂಡ ದೈತ್ಯ ಕೋಶಗಳು ಕಾಣುತ್ತಿದ್ದವು. ವೈರಸ್ ಹೊಕ್ಕ ಕೋಶಗಳು ಒಂದಕ್ಕೊಂದು ಬೆಸೆದುಕೊಂಡು ಆದವು ಅವು. ಇಂದಿಗೂ ಮರಣೋತ್ತರ ಪರೀಕ್ಷೆಯಲ್ಲಿ ಎಚ್‌ಐವಿ ಮಿದುಳುರಿಯೂತದ ಗುರುತು ಇದೇ.

1986ರಲ್ಲೇ ಬಂದ ಇನ್ನೊಂದು ಸಂಶೋಧನೆ ವಿಷಯವನ್ನು ಜಟಿಲಗೊಳಿಸಿತು. ಮಿದುಳಿನಲ್ಲಿ ವೈರಸ್ ಮನೆ ಮಾಡಿದ್ದದ್ದು ನರಕೋಶಗಳಲ್ಲಿ ಅಲ್ಲ. ರಕ್ತದಿಂದ ಬಂದು ನೆಲೆಸಿದ ಮ್ಯಾಕ್ರೊಫೇಜ್‌ಗಳಲ್ಲಿ, ಅಂದರೆ ಕಸ ಮತ್ತು ರೋಗಾಣುಗಳನ್ನು ನುಂಗುವ ರಕ್ಷಣಾ ಕೋಶಗಳಲ್ಲಿ, ಹಾಗೂ ಮಿದುಳಿನದೇ ರಕ್ಷಣಾ ಕೋಶಗಳಾದ ಮೈಕ್ರೊಗ್ಲಿಯಾದಲ್ಲಿ. ಯೋಚಿಸುವ ಕೋಶಕ್ಕೆ ಸೋಂಕೇ ತಗಲಿಲ್ಲ, ಆದರೂ ಯೋಚನೆ ಕೆಡುತ್ತಿದೆ. ಅದು ಹೇಗೆ?

ಈ ಪ್ರಶ್ನೆಗೆ ದಾರಿ ತೋರಿದ್ದು ಐಸ್‌ಲ್ಯಾಂಡಿನ ಕುರಿಗಳು. 1933ರಲ್ಲಿ ಆ ದ್ವೀಪಕ್ಕೆ ಜರ್ಮನಿಯಿಂದ ಕಾರಕುಲ್ ತಳಿಯ 20 ಕುರಿಗಳನ್ನು ತರಿಸಲಾಯಿತು. ನೋಡಲು ಆರೋಗ್ಯವಾಗಿದ್ದ ಅವುಗಳ ಜೊತೆ ಬಂದ ಸೋಂಕು ಸ್ಥಳೀಯ ಮಂದೆಗಳಿಗೆ ಹರಡಿ, ವರ್ಷಗಳ ನಂತರ ಕುರಿಗಳು ಏದುಸಿರು ಬಿಡುತ್ತ, ಕೆಲವು ಹಿಂಗಾಲು ಎಳೆಯುತ್ತ ಸೊರಗಿ ಸಾಯತೊಡಗಿದವು. ಮಂದೆಗೆ ಮಂದೆಯನ್ನೇ ಕಡಿದುಹಾಕಿ ದೇಶ ಆ ರೋಗವನ್ನು ತೊಲಗಿಸಬೇಕಾಯಿತು. ರೇಕ್ಯಾವಿಕ್ ಬಳಿಯ ಕೆಲ್ದುರ್ ಸಂಸ್ಥೆಯ ಬ್ಯೋರ್ನ್ ಸಿಗುರ್ಡ್‌ಸನ್ ಈ ಕಾಯಿಲೆಯನ್ನು ಅಭ್ಯಾಸ ಮಾಡಿ, ಸೋಂಕು ತಗಲಿ ಬಹುಕಾಲದ ನಂತರ ಮೆಲ್ಲಗೆ ಮುಂದುವರಿಯುವ ರೋಗಗಳ ಒಂದು ವರ್ಗವೇ ಇದೆ ಎಂದು 1954ರಲ್ಲಿ ಲಂಡನ್‌ನ ಉಪನ್ಯಾಸಗಳಲ್ಲಿ ವಿವರಿಸಿದರು. ಕುರಿಯ ಮಿದುಳನ್ನು ಕೆಡಿಸುವ ಆ ವಿಸ್ನಾ ವೈರಸ್ ಎಚ್‌ಐವಿಯ ದೂರದ ದಾಯಾದಿ ಎಂಬುದು 1985ರಲ್ಲಿ ತಿಳಿಯಿತು. ವಿಸ್ನಾ ವೈರಸ್ ರಕ್ತದ ಮಾನೊಸೈಟ್ ಎಂಬ ಬಿಳಿಕೋಶಗಳೊಳಗೆ ಅಡಗಿ ಮಿದುಳನ್ನು ಸೇರುತ್ತದೆ ಎಂದು ಅದೇ ವರ್ಷ ಆಶ್ಲಿ ಹಾಸ್ ಅವರ ತಂಡ ತೋರಿಸಿ, ಅದನ್ನು ಗ್ರೀಕರ ಮರದ ಕುದುರೆಗೆ ಹೋಲಿಸಿತು. ಎಚ್‌ಐವಿ ಹಿಡಿಯುವ ಮುಖ್ಯ ದಾರಿಯೂ ಅದೇ. ಮನುಷ್ಯರ ಕಾಯಿಲೆಗೆ ಪಶುವೈದ್ಯಶಾಸ್ತ್ರ ಇಷ್ಟು ನೇರವಾಗಿ ಒದಗಿಬಂದ ಉದಾಹರಣೆಗಳು ಹೆಚ್ಚಿಲ್ಲ. ಏಡ್ಸ್‌ನ ಚರಿತ್ರೆ ಹೇಳುವಾಗ ಸಿಗುರ್ಡ್‌ಸನ್ನರ ಹೆಸರು ಬಿಟ್ಟುಹೋಗುವುದು ಅನ್ಯಾಯ.

ಮಿದುಳಿಗೂ ರಕ್ತಕ್ಕೂ ನಡುವೆ ಬಿಗಿಯಾದ ತಡೆಗೋಡೆಯಿದೆ. ಸೋಂಕಿತ ಮಾನೊಸೈಟ್‌ಗಳು ಅದನ್ನು ದಾಟಿ ಒಳಗೆ ಮ್ಯಾಕ್ರೊಫೇಜ್‌ಗಳಾಗುತ್ತವೆ, ಅಕ್ಕಪಕ್ಕದ ಮೈಕ್ರೊಗ್ಲಿಯಾಗಳಿಗೂ ಸೋಂಕು ದಾಟಿಸುತ್ತವೆ. ಆ ಕೋಶಗಳಿಂದ ವೈರಸ್ಸಿನ ಪ್ರೋಟೀನುಗಳು ಹೊರಬೀಳುತ್ತವೆ. ಹೊದಿಕೆಯ ಜಿಪಿ120 ಮತ್ತು ಟ್ಯಾಟ್ ಎಂಬೆರಡು ನರಕೋಶಕ್ಕೆ ವಿಷವೆಂದು 1980ರ ದಶಕದ ಕೊನೆಯಿಂದ ನಡೆದ ಪ್ರಯೋಗಗಳಲ್ಲಿ ಕಂಡುಬಂತು. ರಕ್ಷಣಾ ಕೋಶಗಳು ಕೆರಳಿ ಸುರಿಸುವ ಉರಿಯೂತದ ರಾಸಾಯನಿಕಗಳು ಅದಕ್ಕಿಂತ ಹೆಚ್ಚು ಹಾನಿ ಮಾಡುತ್ತವೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಅತಿಯಾಗಿ ಶೇಖರವಾಗಿ ಅವುಗಳನ್ನು ದಣಿಸುತ್ತದೆ. ನರಕೋಶ ಸಾಯುವ ಮೊದಲೇ ಅದರ ಕವಲುಗಳು ಮೊಟಕಾಗಿ, ಇತರ ಕೋಶಗಳೊಂದಿಗಿನ ಸಂಪರ್ಕ ಕಡಿಯುತ್ತದೆ. ಕೋಶವಿನ್ನೂ ಜೀವಂತವಿರುವುದರಿಂದ ಸಕಾಲದ ಚಿಕಿತ್ಸೆಯಿಂದ ಕೆಲವರು ಚೇತರಿಸಿಕೊಳ್ಳುತ್ತಾರೆ. ಇದೆಲ್ಲ ಎಷ್ಟು ಬೇಗ ಆರಂಭವಾಗುತ್ತದೆ ಎಂಬುದು ಬ್ಯಾಂಕಾಕ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿಯಿತು: ಸೋಂಕು ತಗಲಿದ ಎಂಟನೆಯ ದಿನಕ್ಕೇ ಬೆನ್ನಿನ ನೀರಿನಲ್ಲಿ ವೈರಸ್ ಸಿಕ್ಕಿತ್ತು.

ಈ ಜ್ಞಾನ ಬೆಳೆಯುತ್ತಿದ್ದಂತೆ ಅದರಿಂದ ಭಯವೂ ಹುಟ್ಟಿತು. 1987ರಲ್ಲಿ ಸ್ಯಾನ್ ಡಿಯಾಗೊದ ಇಗೊರ್ ಗ್ರಾಂಟ್ ಮತ್ತು ಸಂಗಡಿಗರು 55 ಪುರುಷರಿಗೆ ಬುದ್ಧಿಶಕ್ತಿಯ ಪರೀಕ್ಷೆಗಳನ್ನು ಮಾಡಿದರು. ಏಡ್ಸ್ ಆಗಿದ್ದ 15 ಮಂದಿಯಲ್ಲಿ 13 ಜನ ಹಿಂದೆ ಬಿದ್ದದ್ದು ನಿರೀಕ್ಷಿತವೇ. ಸೋಂಕಿದ್ದೂ ಆರೋಗ್ಯವಾಗಿದ್ದ 16 ಮಂದಿಯಲ್ಲಿ 7 ಜನರಿಗೂ ಕೊರತೆ ಕಂಡದ್ದು ಸುದ್ದಿಯಾಯಿತು. ಲಕ್ಷಣವೇ ಇಲ್ಲದವರ ಬುದ್ಧಿಯೂ ಕುಂದಿದ್ದರೆ ವಿಮಾನ ಓಡಿಸುವವರನ್ನು, ಜವಾಬ್ದಾರಿಯ ಹುದ್ದೆಯಲ್ಲಿರುವವರನ್ನು ರಕ್ತಪರೀಕ್ಷೆಗೆ ಒಳಪಡಿಸಿ ಕೆಲಸದಿಂದ ದೂರವಿಡಬೇಕೇ ಎಂಬ ಚರ್ಚೆ ಎದ್ದಿತು. ಹದಿನಾರು ಜನರ ಮೇಲಿನ ಫಲಿತಾಂಶ ಸಾವಿರಾರು ಜನರ ಅನ್ನಕ್ಕೆ ಕುತ್ತು ತರುವಂತಿತ್ತು. 1988ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಿನೀವಾದಲ್ಲಿ ತಜ್ಞರನ್ನು ಕರೆಸಿತು. ಆರೋಗ್ಯವಾಗಿರುವ ಸೋಂಕಿತರಲ್ಲಿ ಗಮನಾರ್ಹ ಮಾನಸಿಕ ಕುಂದು ಹೆಚ್ಚೆಂಬುದಕ್ಕೆ ಪುರಾವೆಯಿಲ್ಲ, ಆ ಕಾರಣಕ್ಕಾಗಿ ಕೆಲಸಗಾರರನ್ನು ಎಚ್‌ಐವಿ ಪರೀಕ್ಷೆಗೆ ಒಳಪಡಿಸುವುದಕ್ಕೆ ಸಮರ್ಥನೆಯೂ ಇಲ್ಲ ಎಂದು ಸಭೆ ತೀರ್ಮಾನಿಸಿತು. ಬಾಲ್ಟಿಮೋರ್, ಷಿಕಾಗೊ, ಪಿಟ್ಸ್‌ಬರ್ಗ್, ಲಾಸ್ ಏಂಜಲಿಸ್‌ಗಳಲ್ಲಿ ನೂರಾರು ಪುರುಷರ ಮೇಲೆ ನಡೆದ ದೊಡ್ಡ ಅಧ್ಯಯನ ಮರುವರ್ಷ ಅದನ್ನೇ ಎತ್ತಿಹಿಡಿಯಿತು.

ಚಿಕಿತ್ಸೆಯ ದೊಡ್ಡ ಭರವಸೆಯೊಂದು ಬಂದದ್ದು ಮಕ್ಕಳಿಂದ. ಹುಟ್ಟಿನಿಂದ ಸೋಂಕಿರುವ ಮಗುವಿನಲ್ಲಿ ಮಿದುಳಿನ ಬೆಳವಣಿಗೆಯೇ ನಿಲ್ಲಬಹುದು; ನಡೆಯಲು ಕಲಿತ ಮಗು ಮತ್ತೆ ಅಂಬೆಗಾಲಿಗೆ ಇಳಿಯಬಹುದು, ಕಲಿತ ಮಾತು ಹೋಗಬಹುದು. ಎಚ್‌ಐವಿ ವಿರುದ್ಧದ ಎಜೆಡ್‌ಟಿ ಔಷಧಿಗೆ 1987ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಮರುವರ್ಷ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಫಿಲಿಪ್ ಪಿಜೊ ಅವರ ತಂಡ 21 ಮಕ್ಕಳಿಗೆ ಅದನ್ನು ರಕ್ತನಾಳದ ಮೂಲಕ ಎಡೆಬಿಡದೆ ಕೊಟ್ಟ ಫಲಿತಾಂಶ ಪ್ರಕಟಿಸಿತು. ಮಿದುಳಿನ ತೊಂದರೆಯಿದ್ದ 13 ಮಕ್ಕಳೂ ಸುಧಾರಿಸಿದ್ದರು. ಕಳೆದುಹೋದ ಬುದ್ಧಿ ಹಿಂದಿರುಗಬಹುದು ಎಂಬುದನ್ನು ಇದು ತೋರಿಸಿತು. ಒಂಟಿ ಔಷಧಿಯ ಪರಿಣಾಮ ಬಹುಕಾಲ ಉಳಿಯಲಿಲ್ಲ ಎಂಬುದು ಬೇರೆ ಮಾತು. ವೈರಸ್ ಬೇಗನೆ ಅದಕ್ಕೆ ಒಗ್ಗಿಕೊಳ್ಳುತ್ತಿತ್ತು. 1996ರಲ್ಲಿ ಮೂರು ಔಷಧಿಗಳ ಸಂಯುಕ್ತ ಚಿಕಿತ್ಸೆ ಬಂದ ಮೇಲೆ ನಿಜವಾದ ತಿರುವು ಬಂತು. ಅಮೆರಿಕದ ನಾಲ್ಕು ನಗರಗಳ ಆ ದೊಡ್ಡ ಅಧ್ಯಯನದಲ್ಲಿ 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಸಾವಿರಕ್ಕೆ 21ರಷ್ಟಿದ್ದ ಹೊಸ ಡಿಮೆನ್ಷಿಯಾ ಪ್ರಕರಣಗಳು 1998ರ ಹೊತ್ತಿಗೆ ಅರ್ಧಕ್ಕಿಳಿದವು.

ತೀವ್ರ ರೂಪ ಮರೆಯಾದಂತೆ ವೈದ್ಯರ ಕಣ್ಣು ಸೌಮ್ಯ ರೂಪಗಳತ್ತ ಹೊರಳಿತು. ಇಟಲಿಯ ಫ್ರಸ್ಕಾಟಿಯಲ್ಲಿ ಸೇರಿದ್ದ ತಜ್ಞರು 2007ರಲ್ಲಿ ಪ್ರಕಟಿಸಿದ ಮಾನದಂಡ ಮೂರು ಹಂತಗಳನ್ನು ಗುರುತಿಸಿತು: ಪರೀಕ್ಷೆಯಲ್ಲಷ್ಟೇ ಕಾಣುವ ಕೊರತೆ, ದಿನನಿತ್ಯದ ಕೆಲಸಕ್ಕೆ ಸ್ವಲ್ಪ ಅಡ್ಡಿಯಾಗುವ ಕೊರತೆ, ಡಿಮೆನ್ಷಿಯಾ. 2010ರಲ್ಲಿ ಅಮೆರಿಕದ 1,555 ಸೋಂಕಿತರ ಮೇಲಿನ ಅಧ್ಯಯನ ಈ ಅಳತೆಗೋಲಿನಿಂದ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕೊರತೆ ಕಂಡಿತು. ಬುದ್ಧಿಶಕ್ತಿಗೆ ತೊಡಕಾಗುವ ಬೇರೆ ಗಂಭೀರ ಕಾಯಿಲೆಗಳಿದ್ದವರನ್ನು ಬಿಟ್ಟು ಲೆಕ್ಕ ಹಾಕಿದಾಗ ಮೊದಲ ಹಂತದಲ್ಲಿ ಶೇ 33, ಎರಡನೆಯದರಲ್ಲಿ ಶೇ 12, ಡಿಮೆನ್ಷಿಯಾ ಶೇ 2.

ಈ ಹಂತಗಳನ್ನು ಗುರುತಿಸುವ ನರಮನಶ್ಶಾಸ್ತ್ರದ ಪರೀಕ್ಷೆಗಳಿಗೆ ತಾಸುಗಟ್ಟಲೆ ಸಮಯ ಬೇಕು, ತರಬೇತಾದವರು ಬೇಕು. ಆಫ್ರಿಕಾದ ಕ್ಲಿನಿಕ್‌ಗಳಲ್ಲಿ ಎರಡೂ ಇರಲಿಲ್ಲ. ಅಮೆರಿಕದ ನರರೋಗ ತಜ್ಞ ನೆಡ್ ಸಾಕ್ಟರ್ ಮತ್ತು ಉಗಾಂಡಾದ ಸಹೋದ್ಯೋಗಿಗಳು 2005ರಲ್ಲಿ ಕೆಲವೇ ನಿಮಿಷಗಳ ಅಂತಾರಾಷ್ಟ್ರೀಯ ಎಚ್‌ಐವಿ ಡಿಮೆನ್ಷಿಯಾ ಮಾಪಕವನ್ನು ರೂಪಿಸಿದರು. ವೈದ್ಯರು ನಾಲ್ಕು ಪದ ಹೇಳುತ್ತಾರೆ: ನಾಯಿ, ಟೋಪಿ, ಹುರುಳಿಕಾಯಿ, ಕೆಂಪು. ರೋಗಿ ಅವನ್ನು ಮರಳಿ ಹೇಳಿ ನೆನಪಿಟ್ಟುಕೊಳ್ಳಬೇಕು. ಆಮೇಲೆ ಹೆಬ್ಬೆರಳು, ತೋರುಬೆರಳನ್ನು ಅಗಲ ತೆರೆದು ಮತ್ತೆ ತಾಗಿಸುತ್ತ ಐದು ಸೆಕೆಂಡಿನಲ್ಲಿ ಎಷ್ಟು ಸಲ ಬಡಿಯಬಲ್ಲರೆಂದು ಎಣಿಸಲಾಗುತ್ತದೆ. ಹದಿನೈದು ಮುಟ್ಟಿದರೆ ಪೂರ್ಣ ಅಂಕ. ಮುಂದಿನದು ಮೇಜಿನ ಮೇಲೆ: ಮುಷ್ಟಿ ಕಟ್ಟಿ ಇಡುವುದು, ಅಂಗೈ ಕೆಳಮುಖವಾಗಿ ಚಾಚುವುದು, ಕಿರುಬೆರಳ ಬದಿಯ ಮೇಲೆ ಕೈ ನಿಲ್ಲಿಸುವುದು. ಈ ಸರಣಿ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಆಗಬೇಕು. ಮಿದುಳಿನ ಆಳ ಹದಗೆಟ್ಟವರ ಕೈ ಮುಷ್ಟಿಯಿಂದ ಅಂಗೈಗೆ ಹೋಗುವಲ್ಲಿ ತಡವರಿಸುತ್ತದೆ, ಸರಣಿ ಅದಲುಬದಲಾಗುತ್ತದೆ. ಕೊನೆಗೆ ಆ ನಾಲ್ಕು ಪದಗಳನ್ನು ಕೇಳಲಾಗುತ್ತದೆ. ನೆನಪಾಗದಿದ್ದರೆ ‘ಒಂದು ಪ್ರಾಣಿ’, ‘ಒಂದು ಬಣ್ಣ’ ಎಂದು ಸುಳಿವು ಕೊಡಬಹುದು, ಆಗ ಅರ್ಧ ಅಂಕ. ಹನ್ನೆರಡಕ್ಕೆ ಹತ್ತು ಅಥವಾ ಕಡಿಮೆ ಬಂದವರಿಗೆ ಮುಂದಿನ ತಪಾಸಣೆ ಬೇಕು. ಅಕ್ಷರ ಬಾರದವರಿಗೂ ಮಾಡಬಹುದಾದ ಪರೀಕ್ಷೆಯಿದು, ಹಾಗಾಗಿಯೇ ಹಲವು ಬಡ ದೇಶಗಳಿಗೆ ಹರಡಿತು.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಅಂದಿನ ಮದ್ರಾಸಿನಲ್ಲಿ, ಮದ್ರಾಸ್ ಮೆಡಿಕಲ್ ಕಾಲೇಜಿನ ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರ ಪ್ರಯತ್ನದಿಂದ. ಮೂರು ವರ್ಷದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ನರಮಂಡಲದ ತೊಂದರೆಯಿರುವ ಸೋಂಕಿತರು ಬರತೊಡಗಿದರು. 1989ರಿಂದ 1996ರವರೆಗೆ ಅಲ್ಲಿ ಕಂಡ 100 ರೋಗಿಗಳ ವಿವರವನ್ನು ಪಿ. ಸತೀಶ್‌ಚಂದ್ರ, ಎ. ನಳಿನಿ, ಎಂ. ಗೌರಿದೇವಿ ಮತ್ತಿತರರು 2000ದಲ್ಲಿ ಪ್ರಕಟಿಸಿದರು. ನ್ಯೂಯಾರ್ಕ್‌ನ 1986ರ ಚಿತ್ರಕ್ಕೂ ಇದಕ್ಕೂ ಹೋಲಿಕೆ ಕಡಿಮೆ. ಇಲ್ಲಿ ಮುಂದೆ ನಿಂತದ್ದು ಕ್ರಿಪ್ಟೊಕಾಕಸ್ ಶಿಲೀಂಧ್ರದ ಮತ್ತು ಕ್ಷಯದ ಮಿದುಳು ಜ್ವರ. ಡಿಮೆನ್ಷಿಯಾ ಅಪರೂಪ. ನಿಮ್ಹಾನ್ಸ್‌ನ ನರರೋಗಶಾಸ್ತ್ರ ವಿಭಾಗದಲ್ಲಿ ಎಸ್.ಕೆ. ಶಂಕರ್, ಅನಿತಾ ಮಹದೇವನ್ ಮುಂತಾದವರು ಮರಣೋತ್ತರ ಪರೀಕ್ಷೆಯಲ್ಲಿ ನೋಡಿದ ಮಿದುಳುಗಳ ಕಥೆಯೂ ಅದೇ ಆಗಿತ್ತು: ರೋಗನಿರೋಧಕ ಶಕ್ತಿ ಕುಸಿದಾಗ ಎರಗುವ ಅವಕಾಶವಾದಿ ಸೋಂಕುಗಳೇ ಎಲ್ಲೆಡೆ, ದೈತ್ಯ ಕೋಶಗಳ ಮಿದುಳುರಿಯೂತ ಕ್ವಚಿತ್ತು. 1995ರಲ್ಲಿ ಆ ವಿಭಾಗದಲ್ಲಿ ಆರಂಭವಾದ ಮಿದುಳು ಬ್ಯಾಂಕ್ ಇಂಥ ಅಧ್ಯಯನಗಳಿಗೆ ಆಧಾರವಾಯಿತು.

ಈ ವ್ಯತ್ಯಾಸಕ್ಕೆ ಸುಲಭದ ವಿವರಣೆಯೊಂದಿತ್ತು: ಭಾರತದಲ್ಲಿ ರೋಗಿಗಳು ಮಿದುಳಿನ ಮೆಲ್ಲಗಿನ ಕಾಯಿಲೆ ತಲೆದೋರುವಷ್ಟು ಕಾಲ ಬದುಕುತ್ತಲೇ ಇರಲಿಲ್ಲ, ಕ್ಷಯ ಅದಕ್ಕೆ ಮೊದಲೇ ಅವರನ್ನು ಒಯ್ಯುತ್ತಿತ್ತು. ವೈರಸ್ಸನ್ನು ಹತ್ತಿಕ್ಕುವ ಔಷಧಿಗಳ (ಎಆರ್‌ಟಿ) ಉಚಿತ ಸರ್ಕಾರಿ ಚಿಕಿತ್ಸೆ ಶುರುವಾದದ್ದೇ 2004ರ ಏಪ್ರಿಲ್ 1ರಂದು. ಅದೇ ವರ್ಷ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಇನ್ನೊಂದು ವಿವರಣೆ ಬಂತು. ಅಮೆರಿಕ, ಯುರೋಪ್‌ಗಳಲ್ಲಿ ಹರಡಿದ್ದು ವೈರಸ್ಸಿನ ಬಿ ಉಪವರ್ಗ. ಭಾರತ ಮತ್ತು ಆಫ್ರಿಕಾದ ದಕ್ಷಿಣ ಭಾಗಗಳಲ್ಲಿ ಸಿ ಉಪವರ್ಗ. ಉದಯಕುಮಾರ್ ರಂಗ ಅವರ ತಂಡ, ನಿಮ್ಹಾನ್ಸ್‌ನವರೊಂದಿಗೆ ಸೇರಿ, ಸಿ ಉಪವರ್ಗದ ಟ್ಯಾಟ್ ಪ್ರೋಟೀನಿನ 31ನೇ ಸ್ಥಾನದಲ್ಲಿ ಸಿಸ್ಟೀನ್ ಬದಲು ಸೆರೀನ್ ಇರುವುದನ್ನು ತೋರಿಸಿತು. ಒಂದೇ ಒಂದು ಅಮೈನೊ ಆಮ್ಲದ ಈ ಬದಲಾವಣೆಯಿಂದ ಮಾನೊಸೈಟ್‌ಗಳನ್ನು ತನ್ನತ್ತ ಸೆಳೆಯುವ ಟ್ಯಾಟ್‌ನ ಶಕ್ತಿ ಕುಗ್ಗುತ್ತದೆ. ಮಿದುಳಿಗೆ ಸೋಂಕಿತ ಕೋಶಗಳು ಕಡಿಮೆ ಬಂದರೆ ಹಾನಿಯೂ ಕಡಿಮೆ. ಇಲಿಗಳ ಮೇಲೆ 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗ ಈ ವಾದಕ್ಕೆ ಬಲ ಕೊಟ್ಟಿತು: ಭಾರತದ ಸಿ ವೈರಸ್ ಪಡೆದ ಇಲಿಗಳು ಬಿ ವೈರಸ್ ಪಡೆದವಕ್ಕಿಂತ ನೆನಪಿನ ಪರೀಕ್ಷೆಯಲ್ಲಿ ಕಡಿಮೆ ತಪ್ಪು ಮಾಡಿದವು.

ಆದರೆ ಸಿ ಉಪವರ್ಗ ಮಿದುಳಿಗೆ ನಿರಪಾಯಕಾರಿ ಎಂದು ಹೇಳುವಂತಿರಲಿಲ್ಲ. ನಿಮ್ಹಾನ್ಸ್‌ನ ತಂಡವೇ 2007ರಲ್ಲಿ ದಕ್ಷಿಣ ಭಾರತದ 119 ಸೋಂಕಿತರನ್ನು ಭಾರತೀಯರಿಗೆಂದು ರೂಪಿಸಿದ ಪರೀಕ್ಷೆಗಳಿಂದ ಅಳೆದು, ಶೇ 60ರಷ್ಟು ಮಂದಿಯಲ್ಲಿ ಸೌಮ್ಯ ಅಥವಾ ಮಧ್ಯಮ ಕೊರತೆ ಕಂಡಿತು. ಡಿಮೆನ್ಷಿಯಾ ಒಬ್ಬರಲ್ಲೂ ಇರಲಿಲ್ಲ. ಪದಗಳನ್ನು ಸರಾಗವಾಗಿ ಹುಡುಕುವುದು, ಕೆಲಸ ಮಾಡುತ್ತಲೇ ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಡುವುದು, ಹೊಸದನ್ನು ಕಲಿತು ನೆನಪಿಡುವುದು, ಇವುಗಳಲ್ಲಿ ಅವರು ಹಿಂದೆ ಬಿದ್ದಿದ್ದರು. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾಗಳ ಸಿ ಸೋಂಕಿತರಲ್ಲೂ ಕೊರತೆಗಳು ಸಾಕಷ್ಟು ಕಂಡವು. ವೈರಸ್ಸಿನ ಉಪವರ್ಗ ಹಲವು ಕಾರಣಗಳಲ್ಲಿ ಒಂದಷ್ಟೇ ಎಂಬುದೇ ಈಗ ಸಮಂಜಸವಾಗಿ ಕಾಣುತ್ತದೆ.

ಅಳತೆಗೋಲಿನ ಬಗ್ಗೆಯೇ ಗಟ್ಟಿ ಆಕ್ಷೇಪ ಎದ್ದದ್ದು 2011ರಲ್ಲಿ. ಸ್ವೀಡನ್ನಿನ ಮ್ಯಾಗ್ನುಸ್ ಗಿಸ್ಲೆನ್, ಸ್ಟಾಫನ್ ನಿಲ್ಸನ್ ಅವರೊಂದಿಗೆ ಅದನ್ನು ಬರೆದವರು ರಿಚರ್ಡ್ ಪ್ರೈಸ್, 1986ರಲ್ಲಿ ಈ ಕಾಯಿಲೆಗೆ ಹೆಸರಿಟ್ಟವರಲ್ಲಿ ಒಬ್ಬರು. ಫ್ರಸ್ಕಾಟಿ ಮಾನದಂಡವನ್ನು ಅಕ್ಷರಶಃ ಅನ್ವಯಿಸಿದರೆ ಸೋಂಕೇ ಇಲ್ಲದ ಸಾಮಾನ್ಯ ಜನರಲ್ಲೂ ಸುಮಾರು ಶೇ 20ರಷ್ಟು ಮಂದಿ ‘ಕೊರತೆಯುಳ್ಳವರು’ ಎನಿಸಿಕೊಳ್ಳುತ್ತಾರೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಹತ್ತಾರು ಪರೀಕ್ಷೆ ಕೊಟ್ಟರೆ ಯಾರಾದರೂ ಒಂದೆರಡರಲ್ಲಿ ಹಿಂದೆ ಬೀಳುವುದು ಸಹಜ. ಶಾಲೆ ಕಲಿತದ್ದು ಕಡಿಮೆಯಿದ್ದರೆ, ಮನಸ್ಸು ಕುಗ್ಗಿದ್ದರೆ, ಹಿಂದೆಂದೋ ಮಿದುಳು ಜ್ವರ ಬಂದು ಹೋಗಿದ್ದರೆ ಅಂಕ ಇನ್ನೂ ಇಳಿಯುತ್ತದೆ. ಅದನ್ನೆಲ್ಲ ಎಚ್‌ಐವಿಯ ಲೆಕ್ಕಕ್ಕೆ ಬರೆಯುವುದು ಚೆನ್ನಾಗಿ ದುಡಿದು ಬದುಕುತ್ತಿರುವ ಸೋಂಕಿತರಿಗೆ ಮತ್ತೊಂದು ಕಳಂಕ ಹಚ್ಚಿದಂತೆ. ಪ್ರೈಸ್ ಮತ್ತು ಸಂಗಡಿಗರ ಆಕ್ಷೇಪ ನ್ಯಾಯವಾಗಿತ್ತು. 2023ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೊಸ ಶಿಫಾರಸು ಪ್ರಕಟಿಸಿದರು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬರುವುದು ಬೇರೆ, ಬುದ್ಧಿಶಕ್ತಿ ಕುಂದುವುದು ಬೇರೆ ಎಂದು ಅದು ಬಿಡಿಸಿ ಹೇಳಿತು. ಕುಂದು ಇದೆ ಎನ್ನಲು ರೋಗಿಯ ದೂರು, ಮನೆಯವರ ಅನುಭವ, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಒಟ್ಟಿಗೆ ನೋಡಬೇಕು. ವೈರಸ್ಸಿನಿಂದಲೇ ಆದ ಹಾನಿಯಲ್ಲೂ ಈಗ ನಡೆಯುತ್ತಿರುವುದನ್ನೂ ಚಿಕಿತ್ಸೆಗೆ ಮೊದಲು ಆಗಿ ಉಳಿದುಹೋದ ಕಲೆಯನ್ನೂ ಬೇರೆ ಮಾಡಬೇಕು.

ಈ ಭೇದ ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸುತ್ತದೆ. ರಕ್ತದಲ್ಲಿ ವೈರಸ್ ಕಾಣದಷ್ಟು ತಗ್ಗಿದ್ದರೂ ಬೆನ್ನಿನ ನೀರಿನಲ್ಲಿ ಅದು ಹೆಚ್ಚಿರುವ ಪ್ರಕರಣಗಳು 2010ರಿಂದ ವರದಿಯಾಗುತ್ತಿವೆ, ಭಾರತದಿಂದಲೂ ಬಂದಿವೆ. ಕೆಲವು ಔಷಧಿಗಳು ಮಿದುಳಿನೊಳಗೆ ಸಾಕಷ್ಟು ಇಳಿಯದೆ ಅಲ್ಲಿ ವೈರಸ್ ಪ್ರತಿರೋಧ ಬೆಳೆಸಿಕೊಳ್ಳುವುದರಿಂದ ಹೀಗಾಗುತ್ತದೆ. ಅಂಥ ರೋಗಿಗೆ ಹೊಸದಾಗಿ ನಡುಕ, ತೊದಲು, ಗೊಂದಲ ಶುರುವಾದರೆ ಬೆನ್ನಿನ ನೀರು ತೆಗೆದು ವೈರಸ್ ಅಳೆದು ಔಷಧಿಗಳನ್ನು ಬದಲಿಸುತ್ತಾರೆ, ಬಹುಮಟ್ಟಿಗೆ ರೋಗಿ ಸುಧಾರಿಸುತ್ತಾರೆ. ಹಳೆಯ ಕಲೆಗೆ ಔಷಧಿ ಬದಲಿಸಿ ಪ್ರಯೋಜನವಿಲ್ಲ; ಆ ರೋಗಿಗೆ ಬೇಕಾದದ್ದು ಮಾತ್ರೆ ತಪ್ಪದಂತೆ ನೆನಪಿಸುವ ವ್ಯವಸ್ಥೆ, ಖಿನ್ನತೆಯ ಚಿಕಿತ್ಸೆ, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ.